ಗೆಜ್ಜೆಗೂ ಬಣ್ಣಕ್ಕೂ ಒಂದು ದಾಸೋಹ

ಬೀದರ ನಗರದಲ್ಲಿ ನಾಟಕವಾಗಲಿ ನೃತ್ಯವಾಗಲಿ ಸಂಗೀತಸಭೆಯಾಗಲಿ ನಡೆಯುವಾಗ ಜನರು ಯಾವ ಮಂದಿರದ ಕಡೆಗೆ ಹೆಜ್ಜೆ ಹಾಕುವರೋ ಆ ರಂಗಮಂದಿರವು ಭಾಲ್ಕಿ ಹಿರೇಮಠ ಸಂಸ್ಥಾನದ ಪೀಠಾಧಿಪತಿಗಳಾಗಿದ್ದ ಡಾ. ಚನ್ನಬಸವ ಪಟ್ಟದ್ದೇವರ ನಾಮಧೇಯವನ್ನು ಧರಿಸಿದೆ. ನಿಜಾಮನ ಆಳ್ವಿಕೆಯಲ್ಲಿ ಕನ್ನಡದ ಪಾಠಶಾಲೆಯೊಂದನ್ನು ನಡೆಸುವುದೇ ದುಸ್ಸಾಧ್ಯವಾಗಿದ್ದ ದಿನಗಳಲ್ಲಿ ಬಾಗಿಲ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡದ ಅಕ್ಷರಗಳನ್ನು ತಿದ್ದಿಸಿದ, ಜೋಳಿಗೆ ಹಿಡಿದು ತಂದುದರಿಂದ ಬಡ ಮಕ್ಕಳಿಗೆ ಅನ್ನವಿಕ್ಕಿ ಓದಿಸಿದ, ಮುಂದೆ ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡವನ್ನು ಎಬ್ಬಿಸಿದ ಆ ಯತಿವರ್ಯರು ಶತಾಯುಷಿಗಳಾಗಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ವೇಷ ಕಟ್ಟಿ ರಂಗವೇರಿದವರಲ್ಲದಿದ್ದರೂ ಅವರ ಹೆಸರು ರಂಗಮಂದಿರಕ್ಕೆ ಸಲ್ಲುವುದು ನನಗೆ ಅತ್ಯಂತ ಉಚಿತವಾಗಿಯೇ ಕಾಣುತ್ತದೆ. ವಿದ್ಯೆಯನ್ನು ಕೊಡುವುದಕ್ಕೆ ಮೊದಲು ವಿದ್ಯಾರ್ಥಿಯ ಹೊಟ್ಟೆಯ ಚಿಂತೆಯನ್ನು ಕಳೆಯಬೇಕೆಂಬ ವಿವೇಕವನ್ನು ಈ ನೆಲದಲ್ಲಿ ಅವರಷ್ಟು ಸ್ಪಷ್ಟವಾಗಿ ಆಚರಿಸಿ ತೋರಿದವರು ವಿರಳ, ಮತ್ತು ಆ ವಿವೇಕದ ಅವಶ್ಯಕತೆ ಇಂದು ನಾಟಕವನ್ನೂ ನೃತ್ಯವನ್ನೂ ವಿಶ್ವವಿದ್ಯಾಲಯದಲ್ಲಿ ಅಭ್ಯಾಸಮಾಡಲು ಹೊರಡುವ ನಮ್ಮ ಯುವಕಯುವತಿಯರಿಗೆ ಇರುವಷ್ಟು ಮತ್ತಾರಿಗೂ ಇಲ್ಲ.

ಬೀದರ ಜಿಲ್ಲೆಯವರು ಕೊಡಲರಿಯದವರೆಂದು ಯಾರೂ ಹೇಳಲಾರರು. ಗುರುನಾನಕ ಝೀರಾದ ಲಂಗರಿನಲ್ಲಿ ಬಂದವರಿಗೆಲ್ಲ ಜಾತಿಮತಗಳನ್ನು ಕೇಳದೆ ರೊಟ್ಟಿ ಬಡಿಸಲಾಗುತ್ತದೆ. ಜಾತ್ರೆಯಲ್ಲಿ ದಾಸೋಹವಿಲ್ಲದ ಮಠ ಈ ಸೀಮೆಯಲ್ಲಿಲ್ಲ. ಗಾಂಧಿಗಂಜಿನ ಅಡತಿ ವ್ಯಾಪಾರಿಗಳಿಂದ ಮೊದಲ್ಗೊಂಡು ತೊಗರಿ ಸೋಯಾಗಳ ರಾಶಿ ಮಾಡುವ ಒಕ್ಕಲಿನವರೆಗೆ ತಮ್ಮ ಗಳಿಕೆಯಲ್ಲಿ ಒಂದು ಪಾಲನ್ನು ಗುಡಿಗೋ ಮಠಕ್ಕೋ ದರ್ಗಾಕ್ಕೋ ಮೀಸಲಿಡುವುದು ಇಲ್ಲಿಯ ಬಾಳಿನ ಸಹಜ ಕ್ರಮವಾಗಿದೆ. ವೈದ್ಯಕೀಯಕ್ಕೆ ಸೀಟು ಸಿಕ್ಕ ಬಡ ಹುಡುಗನ ಸುದ್ದಿ ಪತ್ರಿಕೆಯಲ್ಲಿ ಬಂದರೆ ಮರುದಿನವೇ ನೆರವಿನ ಕೈಗಳು ಮುಂದೆ ಬರುತ್ತವೆ. ಇದನ್ನು ಸಂತೋಷದಿಂದಲೇ ಹೇಳಬೇಕು. ಆದರೆ ಔರಾದಿನ ತಾಂಡಾದೊಳಗಿನ ಒಬ್ಬ ಹುಡುಗಿ ಮೈಸೂರಿಗೆ ಹೋಗಿ ನೃತ್ಯದಲ್ಲಿ ಪದವಿ ಪಡೆಯುವೆನೆಂದಾಗ, ಭಾಲ್ಕಿಯ ಹಳ್ಳಿಯ ಒಬ್ಬ ಹುಡುಗ ನಾಟಕದ ಸ್ನಾತಕೋತ್ತರ ತರಗತಿಗೆ ಸೇರುವೆನೆಂದಾಗ, ಅದೇ ಕೈಗಳು ಹಿಂಜರಿಯುತ್ತವೆ. "ನಾಟಕ ಕಲ್ತು ಏನ್ ಮಾಡ್ತಿಯೋ ತಮ್ಮಾ, ಅದ್ರಾಗ ಹೊಟ್ಟಿ ತುಂಬತದೇನು?" ಎಂಬ ಕಾಳಜಿಯ ಮಾತು ಮನೆಯ ಹಿರಿಯರಿಂದಲೂ ಊರಿನ ಸಿರಿವಂತರಿಂದಲೂ ಒಂದೇ ಧ್ವನಿಯಲ್ಲಿ ಬರುತ್ತದೆ. ಆ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಕೊಡಬೇಕಾದ ಉತ್ತರ ಈ ಜಿಲ್ಲೆಯ ಚರಿತ್ರೆಯಲ್ಲಿಯೇ ಇದೆಯೆಂಬುದು ಮಾತ್ರ ನನ್ನ ನಂಬಿಕೆ.

ಇಂದು ಬಸವಕಲ್ಯಾಣವೆಂದು ಕರೆಯಿಸಿಕೊಳ್ಳುವ ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ಹರಡಿಕೊಂಡಿರುವ ಆ ಮಹಾಕೋಶದಲ್ಲಿ ರಾಜ್ಯವನ್ನು ಗಳಿಸುವ ಉಪಾಯ, ಆನೆಗಳ ಚಿಕಿತ್ಸೆ, ಅಡುಗೆಯ ವಿಧಾನ, ಚಿತ್ರಕಲೆ ಇವುಗಳೊಡನೆ ನೃತ್ಯಕ್ಕೂ ಒಂದು ವಿಸ್ತಾರವಾದ ಪ್ರಕರಣ ಮೀಸಲಾಗಿದೆ. ಅದರಲ್ಲಿ ಸೋಮೇಶ್ವರನು ಪ್ರದರ್ಶನಕಲೆಯವರನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ: ನಟ, ನರ್ತಕ, ನರ್ತಕಿ, ವೈತಾಲಿಕ, ಚಾರಣ, ಕೊಲ್ಲಾಟಿಗ. ಅರಮನೆಯ ನರ್ತಕಿಯೊಡನೆ ಊರೂರು ಅಲೆಯುವ ಚಾರಣನನ್ನೂ, ಅಂಗಸಾಧನೆಯ ಆಟವಾಡುವ ಕೊಲ್ಲಾಟಿಗನನ್ನೂ ಒಂದೇ ಪಂಕ್ತಿಯಲ್ಲಿ ಎಣಿಸಿದ ಆ ಅರಸನ ಔದಾರ್ಯ ಗಮನಾರ್ಹವಾದುದು. ಅವನ ಮಗ ಜಗದೇಕಮಲ್ಲನೂ 'ಸಂಗೀತಚೂಡಾಮಣಿ'ಯೆಂಬ ಶಾಸ್ತ್ರಗ್ರಂಥವನ್ನು ಬರೆದವನು. ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದ ಹೊರಗೋಡೆಯಲ್ಲಿ ಮೈ ಬಳುಕಿಸಿ ನಿಂತ ಮದನಿಕೆಯರನ್ನು ನೋಡಿದವರಿಗೆ, ಆ ಶಿಲ್ಪಿಯು ನಿಜವಾದ ನರ್ತಕಿಯರನ್ನು ಬಹುಕಾಲ ಕಣ್ತುಂಬ ನೋಡಿದ್ದವನೆಂಬುದು ತಾನಾಗಿಯೇ ಅರಿವಾಗುತ್ತದೆ. ಅಂಥ ನರ್ತಕಿಯರು ಆಕಾಶದಿಂದಿಳಿದವರಲ್ಲವಷ್ಟೆ. ಯಾರೋ ಅವರಿಗೆ ಕಲಿಸಿದ್ದರು, ಕಲಿಯುವ ವರ್ಷಗಳಲ್ಲಿ ಯಾರೋ ಅವರಿಗೆ ಅನ್ನ ವಸ್ತ್ರಗಳನ್ನು ಒದಗಿಸಿದ್ದರು. ಕನ್ನಡನಾಡಿನಲ್ಲಿ ಇಂಥ ಪೋಷಣೆಗೆ ಇನ್ನೂ ಪ್ರಾಚೀನವಾದ ಸಾಕ್ಷ್ಯವೂ ಉಂಟು: ಎಂಟನೆಯ ಶತಮಾನದ ಪಟ್ಟದಕಲ್ಲಿನ ಶಾಸನವೊಂದರಲ್ಲಿ, ವಿಜಯಾದಿತ್ಯನು ಹಿಂದೆ ಗಾಯಕರಿಗೆ ಕೊಟ್ಟಿದ್ದ ದತ್ತಿಯನ್ನು ರಾಣಿ ಲೋಕಮಹಾದೇವಿಯು ಪುನಃ ಸ್ಥಿರಪಡಿಸಿದಳೆಂಬುದು ಕಲ್ಲಿನಲ್ಲಿ ಕೊರೆಯಲ್ಪಟ್ಟಿದೆ. ದತ್ತಿಯನ್ನು ಕೊಟ್ಟುದಕ್ಕಿಂತಲೂ ಅದನ್ನು ಮುಂದಿನವರು ನಿಲ್ಲಗೊಡದೆ ನಡೆಸಿದುದು ಆ ಶಾಸನದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವ ಸಂಗತಿ.

ಅರಸರ ಆಶ್ರಯವು ಅರಸರ ಚಿತ್ತವೃತ್ತಿಯನ್ನು ಅವಲಂಬಿಸಿರತಕ್ಕದ್ದು. ಅದೇ ಕಲ್ಯಾಣದಲ್ಲಿ, ಸೋಮೇಶ್ವರನು ತೀರಿಕೊಂಡ ಕೆಲವೇ ದಶಕಗಳಲ್ಲಿ, ಅದಕ್ಕಿಂತ ಮಿಗಿಲಾದ ಒಂದು ವ್ಯವಸ್ಥೆ ರೂಪುಗೊಂಡಿತು. ನಾನಾ ವೇಷಗಳನ್ನು ತೊಟ್ಟು ಜನರನ್ನು ರಂಜಿಸಿ ಜೀವಿಸುತ್ತಿದ್ದ ಬಹುರೂಪಿ ಚೌಡಯ್ಯ, ಕಲಕೇತನ ವೇಷದ ಕಲಕೇತಯ್ಯ, ಜನರನ್ನು ನಗಿಸುವುದನ್ನೇ ತನ್ನ ಕಾಯಕವಾಗಿ ಮಾಡಿಕೊಂಡಿದ್ದ ನಗೆಯ ಮಾರಿತಂದೆ, ಇವರೆಲ್ಲ ಶರಣರ ಗೋಷ್ಠಿಯಲ್ಲಿ ಮಂತ್ರಿಯ ಸಮಕ್ಕೂ ಪಂಡಿತನ ಸಮಕ್ಕೂ ಕುಳಿತು ವಚನಗಳನ್ನು ರಚಿಸಿದರು. ವೇಷ ಹಾಕುವುದೂ ನಗಿಸುವುದೂ ನೇಯುವ, ಉಳುವ, ಚಪ್ಪಲಿ ಹೊಲಿಯುವ ದುಡಿಮೆಗಳಂತೆಯೇ ಕಾಯಕವೆಂದು ಎಂಟುನೂರು ವರ್ಷಗಳ ಹಿಂದೆಯೇ ಒಪ್ಪಿದ ಸಮಾಜ ಜಗತ್ತಿನಲ್ಲಿ ಮತ್ತೆಲ್ಲಿ ಇದ್ದಿತೋ ನಾನರಿಯೆ. ನಟನೆಯು ಕಾಯಕವಾದ ಮೇಲೆ ನಟನೆಯನ್ನು ಕಲಿಯುವವನಿಗೆ ಸಲ್ಲುವ ನೆರವು ಭಿಕ್ಷೆಯೆನಿಸದು. ಕೊಡುವವನು ಮೇಲೆ ನಿಂತು, ಪಡೆಯುವವನು ತಲೆ ಬಾಗಿಸಿ ನಿಲ್ಲಬೇಕಾದ ಕಾರಣವೇ ಅಲ್ಲಿ ಇಲ್ಲ. ದಾಸೋಹದಲ್ಲಿ ಕೊಡುವವನೇ ಬಾಗಿದವನು. ರಂಗವಿದ್ಯಾರ್ಥಿಗೆ ನೆರವಾಗಹೊರಡುವವರು ಈ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ತೊಡಕುಗಳು ತಾವಾಗಿಯೇ ಬಗೆಹರಿಯುವುವು.

ಬೀದರ ಕೋಟೆಯ ಹಾದಿಯಲ್ಲಿ ಇಂದಿಗೂ ತನ್ನ ನೀಲಿ ಹಸುರು ಹೆಂಚುಗಳ ಅವಶೇಷಗಳೊಡನೆ ನಿಂತಿರುವ ಮದರಸಾವನ್ನು ಬಹಮನಿ ರಾಜ್ಯದ ಮಂತ್ರಿ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದನು. ಗೀಲಾನಿನಿಂದ ವ್ಯಾಪಾರಕ್ಕಾಗಿ ಬಂದು ಮಂತ್ರಿಪದವಿಗೇರಿದ ಆ ಸತ್ಪುರುಷನು ಆ ವಿದ್ಯಾಲಯದಲ್ಲಿ ಗ್ರಂಥಗಳೊಡನೆ ಕೊಠಡಿಗಳನ್ನೂ ಒದಗಿಸಿದನು. ಮೂವತ್ತಾರು ಕೊಠಡಿಗಳು ವಿದ್ಯಾರ್ಥಿಗಳಿಗೆ, ಬೇರೆ ವಸತಿಗಳು ಅಧ್ಯಾಪಕರಿಗೆ, ಸುಮಾರು ಮೂರು ಸಾವಿರ ಹಸ್ತಪ್ರತಿಗಳು ಗ್ರಂಥಾಲಯಕ್ಕೆ. ಅಲ್ಲಿ ನಾಟಕವನ್ನಾಗಲಿ ನೃತ್ಯವನ್ನಾಗಲಿ ಕಲಿಸುತ್ತಿರಲಿಲ್ಲವೆಂಬುದು ದಿಟ. ಉಚ್ಚಶಿಕ್ಷಣದ ವಿದ್ಯಾರ್ಥಿಯು ಊರಿನ ಅತಿಥಿಯೆಂಬ ಭಾವನೆ ಈ ನಗರಕ್ಕೆ ಐದೂವರೆ ಶತಮಾನಗಳಷ್ಟು ಹಳೆಯದೆಂಬುದನ್ನು ತೋರಿಸುವುದಕ್ಕಾಗಿ ಅದನ್ನು ನೆನೆದೆನು.

ಇನ್ನು ಇಂದಿನ ವಿದ್ಯಾರ್ಥಿಯ ವಿಷಯಕ್ಕೆ ಬರೋಣ. ರಾಜ್ಯದ ಉತ್ತರದ ತುತ್ತತುದಿಯಲ್ಲಿರುವ ಔರಾದ ತಾಲ್ಲೂಕನ್ನು ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಸೇರಿಸಿತು. ಔರಾದ ಪಟ್ಟಣಕ್ಕೆ ರೈಲಿಲ್ಲ. ಒಂದು ಕಡೆ ಮಹಾರಾಷ್ಟ್ರದ ದೇಗಲೂರು ಉದಗೀರುಗಳು, ಇನ್ನೊಂದು ಕಡೆ ತೆಲಂಗಾಣದ ನಾರಾಯಣಖೇಡ. ಹೀಗೆ ಕನ್ನಡ ಮರಾಠಿ ತೆಲುಗು ದಖನಿ ಉರ್ದು ಲಂಬಾಣಿಗಳೈದೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಈ ಸೀಮೆಯ ಮಗುವಿಗೆ ನಟನಿಗೆ ಬೇಕಾದ ಅತ್ಯಮೂಲ್ಯ ಬಂಡವಾಳವಾದ ಭಾಷಾಸಂಪತ್ತು ತೊಟ್ಟಿಲಿನಲ್ಲಿಯೇ ಲಭಿಸಿರುತ್ತದೆ. ಅಲಾಯಿ ಹಬ್ಬದ ಹೆಜ್ಜೆ ಮತ್ತು ರಿವಾಯತು, ಭಜನಾ ಮಂಡಳಿಯ ತಾಳ, ಕೋಲಾಟ, ಗೊಂದಲಿಗರ ಕಥನ, ತಾಂಡಾದ ಹೆಣ್ಣುಮಕ್ಕಳು ಕನ್ನಡಿಗಳ ಕಸೂತಿಯ ಲಂಗ ತೊಟ್ಟು ವೃತ್ತಾಕಾರವಾಗಿ ಕುಣಿಯುವ ಕುಣಿತ, ಬಯಲಾಟದ ಗತ್ತು, ಇವು ಯಾವ ಪಠ್ಯಕ್ರಮವೂ ಕೊಡಲಾರದ ಪೂರ್ವಸಿದ್ಧತೆ. ಆದರೆ ಈ ಸಿದ್ಧತೆಯನ್ನು ಹೊತ್ತ ಮಗು ಮುಂದೆ ಹೋಗಬೇಕಾದ ದಾರಿ ಬಹು ದೀರ್ಘ.

ನೃತ್ಯ ನಾಟಕಗಳನ್ನು ಪದವಿಯ ವಿಷಯವಾಗಿ ಕಲಿಸುವ ವಿದ್ಯಾಸ್ಥಾನಗಳು ಹೆಚ್ಚಾಗಿ ದಕ್ಷಿಣದಲ್ಲಿವೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಅಲ್ಲಿಯೇ ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನಕಲೆಗಳ ವಿಭಾಗವಿದೆ. ಬೀದರದಿಂದ ಬೆಂಗಳೂರೇ ಸುಮಾರು 700 ಕಿಲೋಮೀಟರು ದೂರವಾಗಿರುವಾಗ ಮೈಸೂರಿನ ಮಾತೇನು! ಬೀದರಕ್ಕೆ ಸಮೀಪವಾದುದು ನಿಜವಾಗಿ ಹೈದರಾಬಾದು. ಅಲ್ಲಿಯ ಕೇಂದ್ರೀಯ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಕಲಾಶಾಲೆಯಲ್ಲಿ ರಂಗಕಲೆಗೂ ನೃತ್ಯಕ್ಕೂ ಸ್ನಾತಕೋತ್ತರ ಶಿಕ್ಷಣವಿದ್ದು, ಅದು ಇಲ್ಲಿಂದ ಸುಮಾರು 140 ಕಿಲೋಮೀಟರಿನೊಳಗೇ ಇದೆ. ಆದರೂ ನಮ್ಮ ಪದವಿ ಕಾಲೇಜುಗಳಲ್ಲಿ ಎಷ್ಟು ಮಂದಿ ಅಧ್ಯಾಪಕರು ಅದರ ಹೆಸರನ್ನು ತಮ್ಮ ವಿದ್ಯಾರ್ಥಿಗಳಿಗೆ ಹೇಳಿರುವರೋ ಕೇಳಿಕೊಳ್ಳಬೇಕಾಗಿದೆ. 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯದ ಛಾಯೆಯಲ್ಲಿದ್ದ ಈ ಜಿಲ್ಲೆಗೆ 2023ರಲ್ಲಿ ತನ್ನದೇ ಆದ ಬೀದರ ವಿಶ್ವವಿದ್ಯಾಲಯ ದೊರೆತು, ಅದರ ಕೇಂದ್ರವು ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಸ್ಥಾಪಿತವಾಗಿರುವುದು ಶುಭಸೂಚನೆ. ಸಂವಿಧಾನದ 371ನೆಯ ಜೆ ವಿಧಿಯು ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಶೇಕಡ 70ರಷ್ಟೂ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ 8ರಷ್ಟೂ ಸ್ಥಾನಗಳನ್ನು ಕಾದಿರಿಸಿದೆ. ಬಾಗಿಲು ತೆರೆದಿದೆ, ಬಾಗಿಲವರೆಗೆ ಹೋಗುವ ಮತ್ತು ಹೋದ ಮೇಲೆ ಮೂರು ವರ್ಷ ಅಲ್ಲಿ ನಿಲ್ಲುವ ವೆಚ್ಚವನ್ನು ಕಾನೂನು ಭರಿಸಲಾರದು.

ಆ ವೆಚ್ಚದ ಸ್ವರೂಪವನ್ನು ಹೊರಗಿನವರು ಬಲ್ಲರೆಂದು ನನಗನಿಸುವುದಿಲ್ಲ. ಆದುದರಿಂದ ಸ್ವಲ್ಪ ವಿಸ್ತರಿಸಿಯೇ ಹೇಳುವೆನು. ಇತಿಹಾಸವನ್ನೋ ವಾಣಿಜ್ಯವನ್ನೋ ಓದುವ ಬಡ ವಿದ್ಯಾರ್ಥಿಯು ತರಗತಿ ಮುಗಿದ ಮೇಲೆ ಸಂಜೆ ಅಂಗಡಿಯಲ್ಲಿಯೋ ಹೋಟೆಲಿನಲ್ಲಿಯೋ ದುಡಿದು ಕೊಠಡಿಯ ಬಾಡಿಗೆಯನ್ನು ಕಟ್ಟಿಕೊಳ್ಳುವುದುಂಟು. ರಂಗದ ವಿದ್ಯಾರ್ಥಿಗೆ ಅದು ಅಶಕ್ಯ, ಏಕೆಂದರೆ ಅವನ ನಿಜವಾದ ಪಾಠ ಪ್ರಾರಂಭವಾಗುವುದೇ ಸಂಜೆಯ ತಾಲೀಮಿನಲ್ಲಿ. ನಾಟಕದ ದಿನ ಹತ್ತಿರವಾದಂತೆ ತಾಲೀಮು ಮಧ್ಯರಾತ್ರಿಯವರೆಗೂ ಸಾಗುತ್ತದೆ. ಕೊನೆಯ ಬಸ್ಸು ಹೋಗಿರುತ್ತದೆ. ವಸತಿನಿಲಯದ ಊಟದ ಹೊತ್ತು ಮೀರಿರುತ್ತದೆ. ಹುಡುಗಿಯಾದರೆ ಹಿಂದಿರುಗುವ ಆಟೋದ ಬಾಡಿಗೆಯೇ ಒಂದು ಹೊರೆ. ನೃತ್ಯದ ವಿದ್ಯಾರ್ಥಿನಿಗೆ ದೇಹವೇ ವಾದ್ಯವಾದುದರಿಂದ ಹಾಲು, ಬೇಳೆ, ಮೊಟ್ಟೆ, ಹಣ್ಣುಗಳು ಅವಳ ಅಭ್ಯಾಸದ ಅಂಗಗಳೇ ಆಗಿವೆ. ಅರೆಹೊಟ್ಟೆಯಲ್ಲಿ ಅರಮಂಡಿ ಕೂತು ಒಂದು ಗಂಟೆ ಅಡವುಗಳನ್ನು ಹಾಕುವ ಕಾಲು ಎಷ್ಟು ದಿನ ತಾಳೀತು? ಕಾಲುಳುಕಿದರೆ ತಿಂಗಳುಗಟ್ಟಲೆಯ ಚಿಕಿತ್ಸೆ. ಇವುಗಳ ಮೇಲೆ ಗೆಜ್ಜೆ, ಅಭ್ಯಾಸದ ಸೀರೆ, ಆಭರಣ, ಪ್ರಸಾಧನದ ಬಣ್ಣ. ಪರೀಕ್ಷೆಯ ಕಛೇರಿಯ ದಿನ ನಟುವಾಂಗದವರಿಗೂ ಮೃದಂಗದವರಿಗೂ ಕೊಳಲಿನವರಿಗೂ ಸಲ್ಲಿಸಬೇಕಾದ ಸಂಭಾವನೆ. ರಂಗಪ್ರವೇಶವೆಂಬ ಪವಿತ್ರ ವಿಧಿಯು ಇಂದು ಮದುವೆಯಷ್ಟೇ ಖರ್ಚಿನ ಸಮಾರಂಭವಾಗಿ ಬೆಳೆದಿರುವುದರಿಂದ ಪ್ರತಿಭೆಯುಳ್ಳ ಎಷ್ಟೋ ಬಡ ಹೆಣ್ಣುಮಕ್ಕಳು ಅದರ ಹೊಸ್ತಿಲಿನಲ್ಲಿಯೇ ಹಿಂದೆ ಸರಿಯುತ್ತಾರೆಂಬುದನ್ನು ನೃತ್ಯಗುರುಗಳೇ ವಿಷಾದದಿಂದ ಒಪ್ಪುತ್ತಾರೆ.

ಯುವಜನೋತ್ಸವಗಳ ಸ್ಥಿತಿಯೂ ಬೇರೆಯಲ್ಲ. ಏಕಾಂಕ ನಾಟಕ, ಪ್ರಹಸನ, ಮೂಕಾಭಿನಯ, ಜಾನಪದ ನೃತ್ಯ, ಶಾಸ್ತ್ರೀಯ ನೃತ್ಯ ಎಂದು ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳು ವರ್ಷವರ್ಷವೂ ನಡೆಯುತ್ತವೆ. ನಮ್ಮ ಪದವಿ ಕಾಲೇಜುಗಳ ಮಕ್ಕಳು ಬಾಡಿಗೆಯ ವೇಷಭೂಷಣಕ್ಕೆ ತಾವೇ ಹಣ ಕೂಡಿಸಿಕೊಂಡು ಹೋಗಿಬರುತ್ತಾರೆ.

ಸರ್ಕಾರವು ಏನೂ ಮಾಡುತ್ತಿಲ್ಲವೆಂದರೆ ಅಸತ್ಯವಾದೀತು. ಕೇಂದ್ರದ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದೊಳಗಿನ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ವಿದ್ಯಾರ್ಥಿವೇತನ ಕೊಡುತ್ತದೆ. ಸಂಗೀತ, ನೃತ್ಯ, ನಾಟಕ, ಜಾನಪದ, ಚಿತ್ರಕಲೆಗಳೆಲ್ಲವೂ ಸೇರಿ ಇಡೀ ಭಾರತಕ್ಕೆ ಇಂಥವು 400. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಆಯ್ಕೆಯಾದವರಿಗೆಲ್ಲ ವೇತನವಿದೆ, ಆಯ್ಕೆಯಾಗುವವರು ಮಾತ್ರ ಬೆರಳೆಣಿಕೆಯವರು. ಯುವ ಕಲಾವಿದರ ವೇತನಕ್ಕೆ ಅರ್ಜಿ ಹಾಕುವವರು ಗುರುಮುಖೇನ ಐದು ವರ್ಷಗಳ ಶಿಕ್ಷಣವನ್ನು ಆಗಲೇ ಪಡೆದಿರಬೇಕೆಂಬ ನಿಯಮವೂ ಉಂಟು. ನಿಯಮ ನ್ಯಾಯವಾದುದೇ. ಆದರೆ ಆ ಐದು ವರ್ಷಗಳನ್ನು ಔರಾದಿನ ಮಗು ಎಲ್ಲಿ, ಯಾರ ಬಳಿ, ಯಾರ ಖರ್ಚಿನಲ್ಲಿ ಪೂರೈಸಬೇಕು? ಬೀದರ ನಗರದಲ್ಲಿ ಭರತನಾಟ್ಯವನ್ನು ಶ್ರದ್ಧೆಯಿಂದ ಕಲಿಸುವ ಶಾಲೆಗಳಿವೆ. ನಗರದ ಬಡಾವಣೆಯ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಹಳ್ಳಿಯಿಂದ ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು ಹೋಗುವ ಮಗುವಿನ ಪ್ರಯಾಣದ ಖರ್ಚನ್ನು ಊರಿನ ಒಬ್ಬನಾದರೂ ವಹಿಸಿಕೊಂಡರೆ, ಮುಂದೆ ಸರ್ಕಾರದ ವೇತನಕ್ಕೆ ಆ ಮಗು ಅರ್ಹವಾಗುತ್ತದೆ. ಖಾಸಗಿ ದಾನಕ್ಕೂ ಸರ್ಕಾರದ ಸಹಾಯಕ್ಕೂ ಇರಬೇಕಾದ ಸಂಬಂಧ ಇಂಥದ್ದು.

ನಮ್ಮ ದಾನದ ಪದ್ಧತಿಯಲ್ಲಿ ಒಂದು ಲೋಪವಿದೆಯೆಂದು ಗೌರವಪೂರ್ವಕವಾಗಿಯೇ ಹೇಳಬೇಕಾಗಿದೆ. ಕಲಾವಿದನು ಗೆದ್ದ ಮೇಲೆ ನಾವು ಉದಾರಿಗಳು: ಶಾಲು, ಹಾರ, ಫಲಪುಷ್ಪ, ಮೆರವಣಿಗೆ, ಸನ್ಮಾನಪತ್ರ. ವಿಶ್ವವಿದ್ಯಾಲಯಕ್ಕೆ ದತ್ತಿ ಕೊಡುವವರೂ ಬಹುಮಟ್ಟಿಗೆ ತಂದೆತಾಯಿಗಳ ಹೆಸರಿನಲ್ಲಿ ಚಿನ್ನದ ಪದಕವನ್ನೇ ಸ್ಥಾಪಿಸುತ್ತಾರೆ. ಪದಕವು ಓದು ಮುಗಿದ ಮೇಲೆ, ಎಲ್ಲರಿಗಿಂತ ಮೇಲಾಗಿ ಓದಿದವನಿಗೆ, ಘಟಿಕೋತ್ಸವದ ದಿನ ಸಿಕ್ಕುವಂಥದು. ಎರಡನೆಯ ವರ್ಷದ ನಡುವಿನಲ್ಲಿ ಊಟದ ಬಾಕಿ ತೀರಿಸಲಾರದೆ ಊರಿಗೆ ಹಿಂದಿರುಗಿದವನ ಹೆಸರು ಆ ಸ್ಪರ್ಧೆಯ ಪಟ್ಟಿಯಲ್ಲಿಯೇ ಇರುವುದಿಲ್ಲ. ಬಿತ್ತನೆಯ ಕಾಲದಲ್ಲಿ ಬೀಜಕ್ಕೆ ಸಾಲ ಕೊಡದೆ ಸುಗ್ಗಿಯಲ್ಲಿ ಕಣಕ್ಕೆ ಹೂಮಾಲೆ ತರುವವರನ್ನು ನಮ್ಮ ರೈತನು ಏನೆಂದಾನು? ಕೊಡುವ ಹೃದಯ ಇದ್ದೇ ಇದೆ, ಕೊಡುವ ಕಾಲವನ್ನು ಹಿಂದಕ್ಕೆ ಸರಿಸಿಕೊಳ್ಳಬೇಕಾಗಿದೆ.

ಸಕಾಲದಲ್ಲಿ ಕೊಟ್ಟ ನೆರವು ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಕನ್ನಡ ರಂಗಭೂಮಿಯಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. ದಕ್ಷಿಣ ಕನ್ನಡದ ಮಂಚಿಯ ಬಡ ಹುಡುಗನೊಬ್ಬ ಮನೆಬಿಟ್ಟು ಓಡಿಬಂದು ಗುಬ್ಬಿ ಕಂಪನಿಯನ್ನು ಸೇರಿದನು. ಕಂಪನಿಯ ಯಜಮಾನರಾದ ಗುಬ್ಬಿ ವೀರಣ್ಣನವರು ಆ ಹುಡುಗನಲ್ಲಿದ್ದ ವಿದ್ಯಾಕಾಂಕ್ಷೆಯನ್ನು ಕಂಡು, ಅವನನ್ನು ವೇಷಕ್ಕೂ ಹಾಡಿಗೂ ಕಂಪನಿಯಲ್ಲಿಯೇ ಇರಿಸಿಕೊಳ್ಳಬಹುದಾಗಿದ್ದರೂ, ಕಾಶಿಗೆ ಕಳುಹಿಸಿ ಎಂ.ಎ. ಓದಿಸಿದರು. ಅಲ್ಲಿ ಅವನಿಗೆ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ಥಾನಿ ಸಂಗೀತದ ಶಿಕ್ಷಣವೂ ದೊರೆಯಿತು. ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿಯುವಾಗ ಪತ್ನಿ ಪ್ರೇಮಾ ಅವರು ಶಾಲೆಯಲ್ಲಿ ಅಧ್ಯಾಪಿಕೆಯಾಗಿ ದುಡಿದು ಅವನ ವ್ಯಾಸಂಗವನ್ನು ನಡೆಸಿದರು. ಆ ಹುಡುಗ ಬಿ.ವಿ. ಕಾರಂತರಾದರು. ತಾವು ಕಲಿತ ನಾಟಕ ಶಾಲೆಗೇ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಅದರ ಶಾಖೆ ಇಂದು ಕಲಬುರಗಿಯಲ್ಲಿಯೂ ಕಾರ್ಯನಿರತವಾಗಿದೆ. ವೀರಣ್ಣನವರ ಕೊಡುಗೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ತೋರುವುದು ಆ ಬಿಟ್ಟುಕೊಡುವಿಕೆ. ತಮ್ಮ ಕಂಪನಿಗೆ ಲಾಭವಾಗಲೆಂದು ಅವರು ಕಳುಹಿಸಲಿಲ್ಲ, ಓದಿ ಬಂದು ತಮ್ಮಲ್ಲಿಯೇ ದುಡಿಯೆಂದು ಕಟ್ಟಿಹಾಕಲಿಲ್ಲ. ಕಾರಂತರು ಮುಂದೆ ಕಟ್ಟಿದ ರಂಗಭೂಮಿಯಂತೂ ವೃತ್ತಿನಾಟಕದ ಹಾದಿಯಿಂದ ತೀರ ಬೇರೆಯಾದದ್ದು. ಪತ್ನಿಯೊಬ್ಬಳು ಸಂಸಾರದ ಭಾರ ಹೊತ್ತು ಗಂಡನನ್ನು ಓದಿಸುವ ಸ್ಥಿತಿಯನ್ನು ಆದರ್ಶವೆಂದು ಹೊಗಳಿ ಕೈತೊಳೆದುಕೊಳ್ಳುವುದೂ ಸಲ್ಲದು. ಪ್ರೇಮಾ ಅವರು ತಾವೇ ಸಮರ್ಥ ರಂಗಕರ್ಮಿಯಾಗಿಯೂ ಚಿತ್ರನಿರ್ದೇಶಕಿಯಾಗಿಯೂ ಹೆಸರಾದವರೆಂಬುದನ್ನು ನೆನೆದರೆ, ಮನೆಯೊಳಗಿನ ಇಂಥ ಋಣಗಳನ್ನು ಸಮಾಜವು ಹಂಚಿಕೊಳ್ಳಬೇಕೆಂಬ ಮಾತು ಇನ್ನಷ್ಟು ಬಲವಾಗುತ್ತದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆ ಇದಕ್ಕೆ ವಿಲೋಮವಾದುದು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತ ಕಲಿತ ಅಂಧರಾದ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು, ಅಂಧ ಅನಾಥ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸುವುದಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು. ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘದ ಗಳಿಕೆ ಆಶ್ರಮದ ಒಲೆಗೆ ಸೌದೆಯಾಯಿತು. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾಗುವವರೆಗೂ ಉತ್ತರ ಕರ್ನಾಟಕದ ಊರೂರುಗಳು ಅವರಿಗೆ ತುಲಾಭಾರ ಮಾಡಿ ಆ ಋಣವನ್ನು ತೀರಿಸಲೆತ್ನಿಸಿದುವು. ನಾಟಕವು ಇಷ್ಟು ಮಕ್ಕಳ ವಿದ್ಯೆಯನ್ನು ಪೊರೆದ ಮೇಲೆ, ನಾಟಕದ ಮಕ್ಕಳ ವಿದ್ಯೆಯನ್ನು ನಾವು ಪೊರೆಯುವುದರಲ್ಲಿ ವಿಶೇಷವೇನಿದೆ? ಮಠಗಳಿಗೆ ಇದು ಹೊಸದೂ ಅಲ್ಲ. ಸಾಣೇಹಳ್ಳಿಯ ಮಠವು 1997ರಿಂದ ಶಿವಸಂಚಾರದ ಮೂಲಕ ನಾಟಕಗಳನ್ನು ನಾಡಿನಾದ್ಯಂತ ಒಯ್ಯುತ್ತ, ತನ್ನ ಆಶ್ರಯದಲ್ಲಿಯೇ ರಂಗಶಿಕ್ಷಣದ ಶಾಲೆಯನ್ನೂ ನಡೆಸುತ್ತಿದೆ.

ದೂರದ ಒಬ್ಬಿಬ್ಬರ ಔದಾರ್ಯವನ್ನೇ ನಂಬಿದರೆ ಏನಾಗುವುದೆಂಬುದಕ್ಕೆ ಅಲ್ಮೋಡದ ಉದಾಹರಣೆಯಿದೆ. ಉದಯಶಂಕರರು ಹಿಮಾಲಯದ ತಪ್ಪಲಿನಲ್ಲಿ ಸ್ಥಾಪಿಸಿದ ನೃತ್ಯಕೇಂದ್ರಕ್ಕೆ ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲಿನ ಎಲ್ಮ್‌ಹರ್ಸ್ಟ್ ದಂಪತಿಗಳ ನೆರವಿದ್ದಿತು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು, ಮುಂದೆ ಹಿಂದಿ ಚಿತ್ರರಂಗದಲ್ಲಿ ಖ್ಯಾತರಾದವರು, ಅಲ್ಲಿಯೇ ನೃತ್ಯ ಕಲಿತರು. ಎರಡನೆಯ ಮಹಾಯುದ್ಧದ ಸಂಕಟದಲ್ಲಿ ಹಣದ ಮೂಲ ಬತ್ತಿ ಕೆಲವೇ ವರ್ಷಗಳಲ್ಲಿ ಆ ಕೇಂದ್ರ ಮುಚ್ಚಿಹೋಯಿತು. ಆದುದರಿಂದ ಬೀದರ ಜಿಲ್ಲೆಗೆ ಬೇಕಾದುದು ಒಬ್ಬ ಮಹಾದಾನಿಗಿಂತ ಹೆಚ್ಚಾಗಿ ಒಂದು ಶಾಶ್ವತ ನಿಧಿ. ಹತ್ತು ಲಕ್ಷ ರೂಪಾಯಿಯ ಠೇವಣಿಯನ್ನು ಶೇಕಡ ಆರರ ಬಡ್ಡಿಯಲ್ಲಿ ಇರಿಸಿದರೆ ವರ್ಷಕ್ಕೆ 60,000 ರೂಪಾಯಿ, ಎಂದರೆ ತಿಂಗಳಿಗೆ 5,000 ರೂಪಾಯಿ, ಕೇಂದ್ರ ಸರ್ಕಾರದ ಯುವ ಕಲಾವಿದ ವೇತನದಷ್ಟೇ ಮೊತ್ತ, ಒಬ್ಬ ವಿದ್ಯಾರ್ಥಿಗೆ ಪ್ರತಿವರ್ಷವೂ ದೊರೆಯುವುದು. ಬೆಲೆಗಳು ಏರುತ್ತಲೇ ಇರುವುದರಿಂದ ಊರಿನವರು ಆಗಾಗ ಅಸಲಿಗೆ ಸೇರಿಸುತ್ತಿರಬೇಕು. ಹತ್ತು ಲಕ್ಷವನ್ನು ಒಬ್ಬರೇ ಕೊಡಬೇಕೆಂದಿಲ್ಲ. ಸಾವಿರ ಜನ ಸಾವಿರ ರೂಪಾಯಿ ಕೊಟ್ಟರೂ ಅಷ್ಟೇ ಆಗುವುದು. ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಚಿಕ್ಕ ಚಿಕ್ಕ ಉಳಿತಾಯಗಳು ದೊಡ್ಡ ಬಂಡವಾಳವಾಗಿ ಬೆಳೆದುದನ್ನು ಬೀದರ ಜಿಲ್ಲಾ ಸಹಕಾರಿ ಬ್ಯಾಂಕು ದೇಶಕ್ಕೇ ತೋರಿಸಿಕೊಟ್ಟಿದೆಯಾಗಿ, ಈ ಲೆಕ್ಕ ಇಲ್ಲಿಯ ಹೆಣ್ಣುಮಕ್ಕಳಿಗೆ ನಾವು ಹೇಳಿಕೊಡಬೇಕಾದುದೇನೂ ಇಲ್ಲ. ದೊಡ್ಡ ಉದ್ಯಮಗಳವರಿಗೆ ಮತ್ತೊಂದು ಮಾರ್ಗವಿದೆ: 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟವನ್ನು ಮೀರಿದ ಕಂಪನಿಗಳು ಲಾಭದ ಶೇಕಡ ಎರಡನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕಾಗಿದ್ದು, ಆ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಕಲೆ ಸಂಸ್ಕೃತಿಗಳ ರಕ್ಷಣೆಯೂ ಸೇರಿದೆ.

ನಿಧಿಯನ್ನು ನಡೆಸುವವರು ಎರಡು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಬೇಕೆಂದು ನನ್ನ ಬಯಕೆ. ಮೊದಲನೆಯದಾಗಿ, ಹಣವನ್ನು ಪಡೆದ ವಿದ್ಯಾರ್ಥಿಯು ಯಾವ ನಾಟಕವನ್ನು ಆಡಬೇಕು, ಯಾವ ವಿಷಯವನ್ನು ಮುಟ್ಟಬಾರದು ಎಂಬುದರಲ್ಲಿ ದಾನಿಗೆ ಯಾವ ಮಾತೂ ಇರಕೂಡದು. ರಂಗದ ಮೇಲೆ ನಿಂತವನು ಕೆಲವೊಮ್ಮೆ ಕೊಟ್ಟವನ ತಪ್ಪನ್ನೂ ಆಡಿ ತೋರಿಸಬೇಕಾದೀತು. ಎರಡನೆಯದಾಗಿ, ಸಹಾಯ ಪಡೆದವರನ್ನು ವೇದಿಕೆಗೆ ಕರೆದು ಚೆಕ್ಕನ್ನು ಎಲ್ಲರೆದುರು ಕೊಡುವ, ಛಾಯಾಚಿತ್ರ ತೆಗೆಯಿಸುವ ರೂಢಿಯನ್ನು ಸಂಪೂರ್ಣವಾಗಿ ಬಿಡಬೇಕು. ಮೂರು ವರ್ಷದ ತರಬೇತಿಯಿಂದ ದೇಹದ ಘನತೆಯನ್ನು ಕಲಿಯಹೊರಟವನನ್ನು ಬಡವನೆಂಬ ಪಾತ್ರದಲ್ಲಿ ಮೊದಲ ಬಾರಿಗೆ ರಂಗಕ್ಕೆ ತರುವುದು ಕ್ರೌರ್ಯವೇ ಸರಿ. ಪ್ರತಿಯಾಗಿ ಏನನ್ನಾದರೂ ಕೇಳಲೇಬೇಕೆಂದಾದರೆ, ಬೇಸಗೆಯ ರಜೆಯಲ್ಲಿ ಒಂದಷ್ಟು ದಿನ ತನ್ನ ತಾಲ್ಲೂಕಿನ ಶಾಲಾಮಕ್ಕಳಿಗೆ ತಾನು ಕಲಿತುದನ್ನು ಕಲಿಸಲೆಂದು ಕೇಳಬಹುದು. ಅಂಥ ಶಿಬಿರಗಳಲ್ಲಿ ತಾಂಡಾದ ಹಿರಿಯ ಕುಣಿತಗಾರ್ತಿಯರನ್ನೂ ಬಯಲಾಟದ ಹಳೆಯ ಮಾಸ್ತರರನ್ನೂ ಗುರುಗಳಾಗಿ ಕೂರಿಸಿ ಅವರಿಗೂ ಸಂಭಾವನೆ ಸಲ್ಲಿಸಿದರೆ, ವಿಶ್ವವಿದ್ಯಾಲಯದಿಂದ ಬಂದವನೂ ಕಲಿಯುವನು.

ರೋಗಿಗೆ ಔಷಧಿಯಿಲ್ಲದ, ಶಾಲೆಗೆ ಶೌಚಾಲಯವಿಲ್ಲದ ಊರಿನಲ್ಲಿ ನಾಟಕಕ್ಕೆ ಹಣವೇಕೆಂದು ಕೇಳುವವರಿದ್ದಾರೆ, ಪ್ರಶ್ನೆ ಸತ್ಯಸಂಧವಾದುದು. ಆದರೆ ಆ ಔಷಧಿಯಿಲ್ಲದ ಸಂಕಟವನ್ನು ಊರಿನ ಮುಂದೆ ಆಡಿ ತೋರಿಸತಕ್ಕವನು ಯಾರು? ಮಕ್ಕಳ ಮದುವೆ, ಕುಡಿತ, ವಲಸೆ, ಮೇಲುಕೀಳು, ಇವುಗಳ ಕುರಿತು ಬೀದಿನಾಟಕ ಆಡಿಸಬೇಕೆಂದಾಗ ಪ್ರತಿಯೊಂದು ಇಲಾಖೆಯೂ ಕಲಾತಂಡವನ್ನು ಹುಡುಕಿಕೊಂಡು ಬರುತ್ತದೆ. ಆ ತಂಡದಲ್ಲಿ ಚೆನ್ನಾಗಿ ಕಲಿತ ಒಬ್ಬನಿದ್ದರೆ ಆಟವು ಎದೆಗೆ ತಟ್ಟುತ್ತದೆ, ಇಲ್ಲವಾದರೆ ಘೋಷಣೆಯಾಗಿ ಗಾಳಿಯಲ್ಲಿ ಹೋಗುತ್ತದೆ. ಶಾಲೆಗಳಲ್ಲಿ ರಂಗಶಿಕ್ಷಕರಾಗಿ, ಕಾಲೇಜುಗಳಲ್ಲಿ ಅಧ್ಯಾಪಕರಾಗಿ, ರೆಪರ್ಟರಿಗಳಲ್ಲಿ ನಟರಾಗಿ, ಬೆಳಕು ಪ್ರಸಾಧನಗಳ ತಂತ್ರಜ್ಞರಾಗಿ ಜೀವನ ಕಂಡುಕೊಂಡವರು ನಾಡಿನಲ್ಲಿ ಇದ್ದಾರೆ. ಎಲ್ಲರಿಗೂ ಅದು ದೊರೆಯುವುದೆಂದು ನಾನು ಆಶ್ವಾಸನೆ ಕೊಡಲಾರೆ. ಇಂಜಿನಿಯರಿಂಗ್ ಓದಿದವರೆಲ್ಲರಿಗೂ ದೊರೆಯುವುದೆಂದು ಯಾರೂ ಕೊಡುತ್ತಿಲ್ಲ.

ಕಾಲದ ಲೆಕ್ಕವೊಂದು ಉಳಿದಿದೆ. ದ್ವಿತೀಯ ಪಿಯುಸಿಯ ಫಲಿತಾಂಶ ಬೇಸಗೆಯಲ್ಲಿ ಬರುತ್ತದೆ. ಅದರ ಬೆನ್ನಿಗೇ ಕಾಲೇಜುಗಳಲ್ಲಿ ಪ್ರವೇಶ ಪ್ರಾರಂಭವಾಗುತ್ತದೆ. ಆದಕಾರಣ ಅರ್ಜಿಗಳನ್ನು ಶಿವರಾತ್ರಿಯ ಹೊತ್ತಿಗೇ ಕರೆದು, ಔರಾದಿನಲ್ಲೊಂದು ದಿನ, ಭಾಲ್ಕಿಯಲ್ಲೊಂದು ದಿನ, ಬೀದರದಲ್ಲೊಂದು ದಿನ ಮಕ್ಕಳ ಅಭಿನಯವನ್ನೂ ಕುಣಿತವನ್ನೂ ಹೊರಗಿನ ಗುರುಗಳಿಂದ ಪರೀಕ್ಷಿಸಿ, ಬಸವ ಜಯಂತಿಯೊಳಗಾಗಿ ನಿರ್ಣಯವನ್ನು ಮನೆಗೆ ತಿಳಿಸಬೇಕು. ಪ್ರವೇಶಶುಲ್ಕವನ್ನೂ ವಸತಿನಿಲಯದ ಠೇವಣಿಯನ್ನೂ ಮೊದಲ ದಿನವೇ ಕಟ್ಟಬೇಕಾಗುವುದರಿಂದ ಮೊದಲನೆಯ ಕಂತು ಆ ದಿನಕ್ಕೆ ಮುಂಚಿತವಾಗಿಯೇ ವಿದ್ಯಾರ್ಥಿಯ ಬ್ಯಾಂಕಿನ ಖಾತೆಯಲ್ಲಿರತಕ್ಕದ್ದು; ಉಳಿದುದು ತಿಂಗಳು ತಿಂಗಳಿಗೆ, ಐದನೆಯ ತಾರೀಖಿಗೆ ತಪ್ಪದೆ, ಓದು ಮುಗಿಯುವವರೆಗೆ.